ಕುಡಿಯುವ ನೀರಿಗಾಗಿ ಹುಟ್ಟಿದ ಉದ್ಯಾನ

ಅಮೆರಿಕದ ಫಿಲಡೆಲ್ಫಿಯಾ ನಗರವನ್ನು ಸೀಳಿಕೊಂಡು ಹರಿಯುವ ಸ್ಕೂಲ್‌ಕಿಲ್ ನದಿಯ ಎರಡೂ ದಂಡೆಗಳ ಮೇಲೆ ಫೇರ್‌ಮೌಂಟ್ ಪಾರ್ಕ್ ಹರಡಿಕೊಂಡಿದೆ. ಪೂರ್ವ ದಂಡೆಯದು, ಪಶ್ಚಿಮ ದಂಡೆಯದು ಸೇರಿ 2,000 ಎಕರೆಗೂ ಮಿಕ್ಕಿದ ಜಾಗ; ಬೆಂಗಳೂರಿನ ಲಾಲ್‌ಬಾಗ್‌ನಂಥ ಎಂಟು ತೋಟಗಳು ಆರಾಮವಾಗಿ ಹಿಡಿಸುವಷ್ಟು. ಉತ್ತರದಿಂದ ಬಂದು ನದಿಗೆ ಸೇರುವ ವಿಸಾಹಿಕನ್ ಹೊಳೆಯ ಕಾಡುಕಣಿವೆ ಇದರ ಬಾಲದಂತೆ ಬೇರೆ ಇದೆ. ದೋಣಿ ಸ್ಪರ್ಧೆ, ಮೃಗಾಲಯ, ಸಂಗೀತ ರಂಗಮಂದಿರ, ಹಳೆಯ ಬಂಗಲೆಗಳು, ಸೈಕಲ್ ದಾರಿ, ಕುದುರೆ ಸವಾರಿ ಎಲ್ಲವೂ ಇಲ್ಲುಂಟು. ಆದರೆ ನಗರ ಈ ಜಮೀನನ್ನು ಕೊಳ್ಳತೊಡಗಿದ್ದು ನಾಗರಿಕರು ಸಂಜೆ ಹೊತ್ತು ಅಡ್ಡಾಡಲಿ ಎಂಬ ಉದಾರತೆಯಿಂದಲ್ಲ. ನದಿಯ ನೀರು ಕೆಡದಂತೆ ನೋಡಿಕೊಳ್ಳಬೇಕಿತ್ತು, ಅದಕ್ಕೆ ದಂಡೆ ಕೈಯಲ್ಲಿರಬೇಕಿತ್ತು. ಉದ್ಯಾನದ ಇತಿಹಾಸದುದ್ದಕ್ಕೂ ಈ ಬಗೆಯ ವಿಚಿತ್ರ ಕಾಣುತ್ತದೆ: ಜನ ಇಂದು ಸಂತೋಷಪಡುವ ವಸ್ತುಗಳಲ್ಲಿ ಬಹುಪಾಲು ಬೇರಾವುದೋ ಕೆಲಸಕ್ಕೆ ಕಟ್ಟಿದವು.

ಜ್ವರ, ಬಾವಿ, ಒಡ್ಡು

ವಿಲಿಯಂ ಪೆನ್ 1682ರಲ್ಲಿ ನಕ್ಷೆ ಹಾಕಿಸಿದ ಊರು ಇದು. ಪೂರ್ವಕ್ಕೆ ಡೆಲವೇರ್ ನದಿ, ಪಶ್ಚಿಮಕ್ಕೆ ಸ್ಕೂಲ್‌ಕಿಲ್, ನಡುವೆ ನೇರ ಬೀದಿಗಳು, ಐದು ತೆರೆದ ಚೌಕಗಳು. ಎರಡು ನದಿಗಳ ಮಧ್ಯೆ ಇದ್ದರೂ ಮೊದಲ ನೂರು ವರ್ಷ ಜನ ಕುಡಿದದ್ದು ಬಾವಿ ನೀರನ್ನೇ. ಮನೆ ಹಿತ್ತಿಲಿನ ಬಾವಿಗೂ ಕಕ್ಕಸು ಗುಂಡಿಗೂ ಹೆಚ್ಚಿನ ದೂರವಿರುತ್ತಿರಲಿಲ್ಲ.

1793ರ ಬೇಸಿಗೆಯಲ್ಲಿ ಹಳದಿ ಜ್ವರ ಬಂತು. ಆಗ ಫಿಲಡೆಲ್ಫಿಯಾ ದೇಶದ ರಾಜಧಾನಿ; ಜನಸಂಖ್ಯೆ ಸುಮಾರು 50,000. ಕೆಲವೇ ತಿಂಗಳಲ್ಲಿ ಹತ್ತಿರ ಹತ್ತಿರ 5,000 ಮಂದಿ ಸತ್ತರು. ಉಳ್ಳವರು ಊರು ಬಿಟ್ಟರು, ಅಧ್ಯಕ್ಷ ವಾಷಿಂಗ್ಟನ್ ಕೂಡ ಹೊರಗೆ ಹೋಗಿದ್ದರು. ಈ ಜ್ವರವನ್ನು ಹರಡುವುದು ಸೊಳ್ಳೆ ಎಂಬುದು ಗೊತ್ತಾಗಲು ಇನ್ನೂ ಒಂದು ಶತಮಾನ ಬೇಕಿತ್ತು. ಅಂದಿನ ವೈದ್ಯರು ಕೊಳಕನ್ನೂ ಕೆಟ್ಟ ನೀರನ್ನೂ ದೂರಿದರು. ಕಾರಣ ತಪ್ಪು, ಆದರೆ ಅದರಿಂದ ಹೊರಟ ತೀರ್ಮಾನ ಸರಿಯಾಗಿತ್ತು: ಊರಿಗೆ ಹೊರಗಿನಿಂದ ಶುದ್ಧ ನೀರು ತರಬೇಕು.

ಆ ಕೆಲಸ ವಾಸ್ತುಶಿಲ್ಪಿ ಬೆಂಜಮಿನ್ ಲಟ್ರೋಬ್ ಪಾಲಿಗೆ ಬಂತು. 1801ರಲ್ಲಿ ಸ್ಕೂಲ್‌ಕಿಲ್ ನೀರು ಊರೊಳಕ್ಕೆ ಹರಿಯಿತು. ದಂಡೆಯ ಮೇಲೊಂದು ಉಗಿಯಂತ್ರ, ಊರ ನಡುವಿನ ಚೌಕದಲ್ಲಿ ಇನ್ನೊಂದು. ಮೊದಲನೆಯದು ನದಿಯಿಂದ ಎತ್ತಿದ್ದನ್ನು ಎರಡನೆಯದು ಮತ್ತೆ ಮೇಲಿನ ತೊಟ್ಟಿಗೆ ಏರಿಸಬೇಕು. ಅಲ್ಲಿಂದ ಮನೆಗಳಿಗೆ ಮರದ ದಿಮ್ಮಿ ಕೊರೆದು ಮಾಡಿದ ಕೊಳವೆ. ಎರಡರಲ್ಲಿ ಯಾವ ಯಂತ್ರ ಕೆಟ್ಟರೂ ಇಡೀ ಊರಿಗೆ ನೀರಿಲ್ಲ. ಯಂತ್ರಗಳೋ ಕೆಡುತ್ತಲೇ ಇದ್ದವು.

ಲಟ್ರೋಬ್ ಕೈಕೆಳಗೆ ಪಳಗಿದ ಫ್ರೆಡ್ರಿಕ್ ಗ್ರಾಫ್ ಇದಕ್ಕೆ ಬೇರೆ ದಾರಿ ಹುಡುಕಿದರು. ಊರಿನ ಅಂಚಿನಲ್ಲಿ, ನದಿಗೆ ಹೊಂದಿಕೊಂಡಂತೆ ಫೇರ್‌ಮೌಂಟ್ ಎಂಬ ಗುಡ್ಡವಿತ್ತು. ನೀರನ್ನು ಒಮ್ಮೆ ಅದರ ನೆತ್ತಿಗೆ ಏರಿಸಿಬಿಟ್ಟರೆ ಮುಂದೆ ಇಳಿಜಾರಿನಲ್ಲಿ ತಾನಾಗಿ ಹರಿಯುತ್ತದೆ. 1812ರಲ್ಲಿ ಕೆಲಸ ಶುರುವಾಗಿ 1815ರಲ್ಲಿ ಹೊಸ ಪಂಪ್‌ಹೌಸ್ ತೆರೆಯಿತು. ಮೊದಲಿಗೆ ಇಲ್ಲಿಯೂ ಉಗಿಯಂತ್ರವೇ. ಸೌದೆಯ ಖರ್ಚು ವಿಪರೀತವಾಯಿತು. ಬಾಯ್ಲರ್ ಸಿಡಿದು ಕೆಲಸಗಾರರು ಸತ್ತರು. ಕೊನೆಗೆ ನದಿಗೆ ಅಡ್ಡಲಾಗಿ ಒಡ್ಡು ಕಟ್ಟಿ, ಆ ನೀರಿನ ರಭಸದಿಂದಲೇ ದೊಡ್ಡ ಮರದ ಚಕ್ರಗಳನ್ನು ತಿರುಗಿಸಿ, ಪಂಪು ನಡೆಸುವ ಏರ್ಪಾಡಾಯಿತು. 1822ರಲ್ಲಿ ಚಕ್ರಗಳು ತಿರುಗತೊಡಗಿದವು. ನದಿ ತನ್ನನ್ನು ತಾನೇ ಗುಡ್ಡ ಹತ್ತಿಸಿಕೊಳ್ಳುತ್ತಿತ್ತು. ಸೌದೆಯ ಖರ್ಚೂ ಇಲ್ಲ, ಸಿಡಿಯುವ ಭಯವೂ ಇಲ್ಲ.

ಗ್ರಾಫ್ ಯಂತ್ರಗಳನ್ನು ಕಣ್ಣಿಗೆ ಬೀಳದಂತೆ ಕೆಳಗಿಟ್ಟು, ಮೇಲೆ ಗ್ರೀಕ್ ದೇಗುಲದ ಮಾದರಿಯ ಬಿಳಿ ಮಂಟಪಗಳನ್ನು ಕಟ್ಟಿಸಿದರು. ನೀರು ಸರಬರಾಜು ಕೇಂದ್ರವೊಂದು ಪ್ರವಾಸಿ ತಾಣವಾದದ್ದು ಹೀಗೆ. ಜನ ಚಕ್ರ ತಿರುಗುವುದನ್ನು ನೋಡಲು ಟಿಕೆಟ್ಟಿಲ್ಲದೆ ಬರುತ್ತಿದ್ದರು; ಗುಡ್ಡದ ಬುಡದಲ್ಲಿ ಕಾರಂಜಿ, ಹೂತೋಟ ಎದ್ದವು. ಬಳಕೆ ನಿಂತುಹೋದ ಉಗಿಯಂತ್ರದ ಮನೆ 1835ರಲ್ಲಿ ಉಪಾಹಾರ ಗೃಹವಾಯಿತು. 1842ರಲ್ಲಿ ಬಂದ ಚಾರ್ಲ್ಸ್ ಡಿಕನ್ಸ್ ಅಮೆರಿಕದ ಬಹುತೇಕ ಸಂಗತಿಗಳಿಗೆ ಮೂಗು ಮುರಿದರೂ ಫೇರ್‌ಮೌಂಟ್ ನೀರುಮನೆಯನ್ನು ತಮ್ಮ ಪ್ರವಾಸ ಪುಸ್ತಕದಲ್ಲಿ ಮೆಚ್ಚಿ ಬರೆದರು.

ದಂಡೆ ಕೊಂಡ ಊರು

ಒಡ್ಡು ಕಟ್ಟಿದ ಮೇಲೆ ಮೇಲ್ಭಾಗದಲ್ಲಿ ನದಿ ಕೆರೆಯಂತೆ ನಿಂತಿತು. ನಿಂತ ನೀರಿಗೆ ಮೇಲಿನವರು ಏನು ಬಿಟ್ಟರೂ ಅದು ಊರಿನ ಕೊಳಾಯಿಗೇ ಬರುವುದು. ಮೇಲಕ್ಕೆ ಮನಯಂಕ್‌ನಲ್ಲಿ ಬಟ್ಟೆ ಗಿರಣಿಗಳು ಆಗಲೇ ಎದ್ದಿದ್ದವು. ಪಂಪ್‌ಹೌಸಿಗೆ ತಾಗಿದ್ದ ಲೆಮನ್ ಹಿಲ್ ಎಂಬ ಎಸ್ಟೇಟು ಕಾರ್ಖಾನೆಯವರ ಪಾಲಾಗದಿರಲಿ ಎಂದು 1844ರಲ್ಲಿ ನಗರವೇ ಅದನ್ನು ಕೊಂಡಿತು. ಕ್ರಾಂತಿಯುದ್ಧಕ್ಕೆ ಹಣ ಹೊಂದಿಸಿಕೊಟ್ಟ ರಾಬರ್ಟ್ ಮಾರಿಸ್ ಅವರ ಜಮೀನದು. ಆತ ಸಾಲದಲ್ಲಿ ಮುಳುಗಿ ಜೈಲು ಸೇರಿದಾಗ ವ್ಯಾಪಾರಿ ಹೆನ್ರಿ ಪ್ರ್ಯಾಟ್ ಹರಾಜಿನಲ್ಲಿ ಹಿಡಿದು, ಗಾಜಿನ ಮನೆಯಲ್ಲಿ ನಿಂಬೆ ಗಿಡ ಬೆಳೆಸಿ ಹೆಸರು ಮಾಡಿದ್ದ. ನಗರ ಕೊಂಡ ಮೇಲೆ ಕೆಲಕಾಲ ಅಲ್ಲಿ ಜರ್ಮನ್ ವಲಸಿಗರ ಬಿಯರ್ ತೋಟ ನಡೆಯಿತು. 1855ರಲ್ಲಿ ಅದನ್ನು ಸಾರ್ವಜನಿಕ ಉದ್ಯಾನವೆಂದು ಘೋಷಿಸಲಾಯಿತು.

ಅದಕ್ಕೆ ಹಿಂದಿನ ವರ್ಷವಷ್ಟೇ ನಗರವನ್ನೂ ಸುತ್ತಲ ಕೌಂಟಿಯನ್ನೂ ಒಂದು ಮಾಡುವ ಕಾನೂನು ಬಂದಿತ್ತು. ಎರಡು ಚದರ ಮೈಲಿಯ ಊರು ಒಮ್ಮೆಗೇ ನೂರು ಚದರ ಮೈಲಿ ಮೀರಿತು. ನದಿಯ ಎರಡೂ ದಂಡೆ ಈಗ ಒಂದೇ ಆಡಳಿತಕ್ಕೆ ಒಳಪಟ್ಟಿದ್ದರಿಂದ ದೊಡ್ಡ ಯೋಜನೆಗೆ ದಾರಿಯಾಯಿತು. 1867ರಲ್ಲಿ ರಾಜ್ಯದ ಶಾಸನಸಭೆ ಫೇರ್‌ಮೌಂಟ್ ಪಾರ್ಕ್ ಆಯೋಗವನ್ನು ರಚಿಸಿತು. ಜನರ ಆರೋಗ್ಯ ಮತ್ತು ಸಂತೋಷ, ಜೊತೆಗೆ ನೀರಿನ ಶುದ್ಧತೆ: ಕಾನೂನಿನಲ್ಲಿ ಎರಡೂ ಉದ್ದೇಶಗಳು ನಮೂದಾಗಿದ್ದವು. ಮುಂದಿನ ವರ್ಷ ವಿಸಾಹಿಕನ್ ಕಣಿವೆಯನ್ನೂ ಪಶ್ಚಿಮ ದಂಡೆಯ ವಿಶಾಲ ಎಸ್ಟೇಟುಗಳನ್ನೂ ಸೇರಿಸಿಕೊಳ್ಳಲು ಅಧಿಕಾರ ಸಿಕ್ಕಿತು. ಜಾರ್ಜ್ ಮನೆತನದ ಅಣ್ಣ-ತಂಗಿ ತಮ್ಮ ಗುಡ್ಡವನ್ನು ಸಾರ್ವಜನಿಕರಿಗೆ ಬಿಟ್ಟುಕೊಟ್ಟರು; ಇಂದಿಗೂ ಅದರ ಹೆಸರು ಜಾರ್ಜಸ್ ಹಿಲ್.

ಶ್ರೀಮಂತರು ಬೇಸಿಗೆ ಕಳೆಯಲು ಕಟ್ಟಿಸಿದ್ದ ಬಂಗಲೆಗಳು ಜಮೀನಿನ ಜೊತೆಗೇ ಬಂದವು. ಮೌಂಟ್ ಪ್ಲೆಸೆಂಟ್, ವುಡ್‌ಫರ್ಡ್, ಸ್ಟ್ರಾಬೆರಿ ಮ್ಯಾನ್ಷನ್, ಸ್ವೀಟ್‌ಬ್ರೈಯರ್, ಬೆಲ್ಮಾಂಟ್ ಇವೆಲ್ಲ ಹದಿನೆಂಟನೆಯ ಶತಮಾನದವು ಅಥವಾ ಅದರ ಆಸುಪಾಸಿನವು. ಮೌಂಟ್ ಪ್ಲೆಸೆಂಟನ್ನು ಜನರಲ್ ಬೆನೆಡಿಕ್ಟ್ ಅರ್ನಾಲ್ಡ್ 1779ರಲ್ಲಿ ಹೊಸ ಹೆಂಡತಿಗಾಗಿ ಕೊಂಡಿದ್ದ. ಆದರೆ ಅಲ್ಲಿ ವಾಸಕ್ಕೆ ಬರುವ ಮೊದಲೇ ಶತ್ರುಪಕ್ಷಕ್ಕೆ ಕೈಕೊಟ್ಟು ದೇಶದ್ರೋಹಿ ಎನಿಸಿಕೊಂಡ. ವಿಲಿಯಂ ಪೆನ್ ಮೊಮ್ಮಗ ಜಾನ್ ಪೆನ್ ಏಕಾಂತಕ್ಕೆಂದು ಕಟ್ಟಿಸಿದ ‘ಸಾಲಿಟ್ಯೂಡ್’ ಎಂಬ ಪುಟ್ಟ ಮನೆ ಇವತ್ತು ಮೃಗಾಲಯದ ನಡುವೆ, ಮಕ್ಕಳ ಗದ್ದಲದಲ್ಲಿ ನಿಂತಿದೆ.

ಇಷ್ಟೆಲ್ಲ ಆದರೂ ನೀರು ಉಳಿಯಿತೇ? ಇಲ್ಲ. ಉದ್ಯಾನ ಕಾಯಬಲ್ಲದ್ದು ತನ್ನ ದಂಡೆಯನ್ನು ಮಾತ್ರ. ಅದರಾಚೆ ಗಿರಣಿಗಳ ಬಣ್ಣ, ಊರುಗಳ ಚರಂಡಿ, ಮೇಲ್ನಾಡಿನ ಕಲ್ಲಿದ್ದಲು ಗಣಿಗಳ ಪುಡಿ ಎಲ್ಲವೂ ನದಿಗೆ ಬೀಳುತ್ತಲೇ ಇದ್ದವು. ಹತ್ತೊಂಬತ್ತನೆಯ ಶತಮಾನ ಮುಗಿಯುವ ಹೊತ್ತಿಗೆ ಟೈಫಾಯ್ಡ್ ಫಿಲಡೆಲ್ಫಿಯಾದ ಖಾಯಂ ಕಾಯಿಲೆಯಾಗಿತ್ತು. ಅದನ್ನು ಹತೋಟಿಗೆ ತಂದದ್ದು ಮರಗಿಡವಲ್ಲ, ಮರಳು: 1902ರಿಂದ ಒಂದೊಂದಾಗಿ ಶುರುವಾದ, ಮರಳಿನ ಹಾಸಿನ ಮೂಲಕ ನೀರು ಸೋಸುವ ಘಟಕಗಳು. ಅವು ಬಂದ ಮೇಲೆ ಫೇರ್‌ಮೌಂಟ್ ನೀರುಮನೆಗೆ ಕೆಲಸವಿಲ್ಲದಾಯಿತು. 1909ರಲ್ಲಿ ಅದನ್ನು ಮುಚ್ಚಿದರು. ಗುಡ್ಡದ ಮೇಲಿನ ಜಲಾಶಯದ ಜಾಗದಲ್ಲಿ 1928ರಲ್ಲಿ ಕಲಾ ವಸ್ತುಸಂಗ್ರಹಾಲಯ ತೆರೆಯಿತು. ‘ರಾಕಿ’ ಸಿನಿಮಾದಲ್ಲಿ ನಾಯಕ ಓಡಿ ಹತ್ತುವ ಮೆಟ್ಟಿಲುಗಳು ಈ ಕಟ್ಟಡದವು. ಕೆಳಗಿನ ಪಂಪ್‌ಹೌಸ್ 1911ರಿಂದ 1962ರ ತನಕ ಮತ್ಸ್ಯಾಲಯವಾಗಿ, ಬಳಿಕ ಹತ್ತು ವರ್ಷ ಈಜುಕೊಳವಾಗಿ, ಈಗ ನದಿಯ ಬಗ್ಗೆ ತಿಳಿಸುವ ವಸ್ತುಪ್ರದರ್ಶನವಾಗಿ ಬಾಳುತ್ತಿದೆ. ಸೋಲಾದದ್ದು ಮೂಲ ಉದ್ದೇಶಕ್ಕೆ. ಅದರ ನೆಪದಲ್ಲಿ ಊರಿಗೆ ದಕ್ಕಿದ ದಂಡೆ ಮಾತ್ರ ಮತ್ತೆ ಕೈಬಿಡಲಿಲ್ಲ. ಸೋಸುವ ತಂತ್ರ ಮೊದಲೇ ಗೊತ್ತಿದ್ದಿದ್ದರೆ ಅಷ್ಟೂ ಜಮೀನು ಸೈಟುಗಳಾಗಿ ಹೋಗುತ್ತಿತ್ತು ಎಂದು ಊಹಿಸುವುದು ಕಷ್ಟವಲ್ಲ.

1876ರ ಜಾತ್ರೆ

ದೇಶದ ಮೊದಲ ಮೃಗಾಲಯ ಈ ಉದ್ಯಾನದಲ್ಲಿ ಶುರುವಾದದ್ದು. 1859ರಲ್ಲೇ ಅದಕ್ಕೆ ಅನುಮತಿ ಸಿಕ್ಕಿತ್ತು. ಅಷ್ಟರಲ್ಲಿ ಅಂತರ್ಯುದ್ಧ ಬಂದು ಬಾಗಿಲು ತೆರೆದದ್ದು 1874ರ ಜುಲೈ 1ರಂದು. ಜನ ನಡೆದು, ಗಾಡಿಯಲ್ಲಿ, ನದಿಯ ಉಗಿದೋಣಿಯಲ್ಲಿ ಬಂದಿಳಿದರು. ದೊಡ್ಡವರಿಗೆ 25 ಸೆಂಟು, ಮಕ್ಕಳಿಗೆ 10. ಆ ದರ ಮುಂದಿನ ಐವತ್ತು ವರ್ಷ ಏರಲಿಲ್ಲ.

ಎರಡು ವರ್ಷದ ಮೇಲೆ ಪಶ್ಚಿಮ ದಂಡೆಯಲ್ಲಿ ಸ್ವಾತಂತ್ರ್ಯದ ಶತಮಾನೋತ್ಸವದ ವಿಶ್ವಮೇಳ ನಡೆಯಿತು. 1876ರ ಮೇ 10ರಿಂದ ನವೆಂಬರ್ 10ರವರೆಗೆ, 285 ಎಕರೆಯಲ್ಲಿ, ಇನ್ನೂರಕ್ಕೂ ಹೆಚ್ಚು ಕಟ್ಟಡ. ಮುಖ್ಯ ಕಟ್ಟಡವೊಂದೇ 1,880 ಅಡಿ ಉದ್ದ. ಯಂತ್ರಗಳ ಮಂಟಪದ ನಡುವೆ ನಿಂತಿದ್ದ ಕಾರ್ಲಿಸ್ ಉಗಿಯಂತ್ರ ನಾಲ್ಕು ಆಳೆತ್ತರವನ್ನೂ ಮೀರಿದ್ದು. ಅಧ್ಯಕ್ಷ ಗ್ರಾಂಟ್ ಮತ್ತು ಬ್ರೆಜಿಲ್ ಚಕ್ರವರ್ತಿ ಎರಡನೇ ಪೆದ್ರು ಇಬ್ಬರೂ ಕೂಡಿ ಅದನ್ನು ಚಾಲೂ ಮಾಡಿದಾಗ ಮಂಟಪದ ಉಳಿದ ಯಂತ್ರಗಳೆಲ್ಲ ಒಟ್ಟಿಗೆ ಓಡಿದವು. ಅಲೆಕ್ಸಾಂಡರ್ ಗ್ರಹಾಂ ಬೆಲ್ ತಮ್ಮ ಟೆಲಿಫೋನನ್ನು ತೋರಿಸಿದ್ದು ಇಲ್ಲೇ. ಸ್ವಾತಂತ್ರ್ಯ ದೇವತೆಯ ಪ್ರತಿಮೆಯಲ್ಲಿ ದೀವಟಿಗೆ ಹಿಡಿದ ಕೈಯಷ್ಟೇ ಆಗ ಸಿದ್ಧವಿತ್ತು. ಅದನ್ನು ತಂದು ನಿಲ್ಲಿಸಿ, ಹತ್ತಿ ನೋಡುವವರಿಂದ ಹಣ ಕೂಡಿಸಿದರು. ಆರು ತಿಂಗಳಲ್ಲಿ ಬಂದವರ ಲೆಕ್ಕ ಹತ್ತಿರ ಹತ್ತಿರ ಒಂದು ಕೋಟಿ. ಸೆಪ್ಟೆಂಬರಿನ ಒಂದೇ ದಿನ ಎರಡೂವರೆ ಲಕ್ಷ ದಾಟಿತ್ತು.

ಮೇಳಕ್ಕೆ ಇನ್ನೊಂದು ಮುಖವೂ ಇತ್ತು. ಕಾರ್ಮಿಕರಿಗೆ ರಜೆ ಸಿಗುತ್ತಿದ್ದದ್ದು ಭಾನುವಾರ, ಮೇಳಕ್ಕೂ ಅಂದೇ ರಜೆ. ಉದ್ಘಾಟನೆಗೆ ವೇದಿಕೆಯ ಆಹ್ವಾನವಿದ್ದ ಕಪ್ಪು ಜನನಾಯಕ ಫ್ರೆಡ್ರಿಕ್ ಡಗ್ಲಸ್‌ರನ್ನು ಪೊಲೀಸರು ಬಾಗಿಲಲ್ಲೇ ತಡೆದರು; ಗುರುತು ಹಿಡಿದ ಸೆನೆಟರ್ ಒಬ್ಬರು ಒಳಕ್ಕೆ ಕರೆದೊಯ್ಯಬೇಕಾಯಿತು.

ಮೇಳ ಮುಗಿದ ಮೇಲೆ ಕಟ್ಟಡಗಳನ್ನು ಕಳಚಿ ಮಾರಿದರು. ಉಳಿದ ದೊಡ್ಡ ಕಟ್ಟಡ ಮೆಮೋರಿಯಲ್ ಹಾಲ್. ಅದನ್ನೂ ಗಾಜಿನ ಸಸ್ಯಗೃಹವನ್ನೂ ರೂಪಿಸಿದ್ದು ಉದ್ಯಾನದ ಎಂಜಿನಿಯರ್, ಜರ್ಮನಿಯಿಂದ ಬಂದ ಹರ್ಮನ್ ಶ್ವಾರ್ಜ್‌ಮನ್. ಸಸ್ಯಗೃಹ 1954ರ ಚಂಡಮಾರುತಕ್ಕೆ ಜಖಂಗೊಂಡು ಮರುವರ್ಷ ನೆಲಸಮವಾಯಿತು. ಮೆಮೋರಿಯಲ್ ಹಾಲ್ ಮ್ಯೂಸಿಯಂ ಆಗಿ, ವ್ಯಾಯಾಮಶಾಲೆಯಾಗಿ, ಪೊಲೀಸ್ ಠಾಣೆಯಾಗಿ ಕೈ ಬದಲಾಯಿಸುತ್ತ 2008ರಿಂದ ಮಕ್ಕಳ ವಸ್ತುಸಂಗ್ರಹಾಲಯವಾಗಿದೆ. ‘ಪ್ಲೀಸ್ ಟಚ್ ಮ್ಯೂಸಿಯಂ’ ಎಂದೇ ಅದರ ಹೆಸರು. ಮುಟ್ಟಬೇಡಿ ಎಂಬ ಫಲಕ ಅಲ್ಲಿಲ್ಲ. ಇಡೀ ಮೇಳದ ಪುಟ್ಟ ಮಾದರಿಯೊಂದು ನೆಲಮಾಳಿಗೆಯಲ್ಲಿದೆ. ಎದುರಿಗಿರುವ ಅಂತರ್ಯುದ್ಧದ ಸ್ಮಾರಕ ಕಮಾನಿನ ಬುಡದಲ್ಲಿ ಬಾಗಿದ ಕಲ್ಲುಬೆಂಚುಗಳಿವೆ. ಒಂದು ತುದಿಯಲ್ಲಿ ಕೂತವರು ಗೋಡೆಯ ಕಡೆ ಮುಖ ಮಾಡಿ ಪಿಸುಗುಟ್ಟಿದರೆ ಇನ್ನೊಂದು ತುದಿಯವರಿಗೆ ಸ್ಪಷ್ಟವಾಗಿ ಕೇಳುತ್ತದೆ. ಪ್ರೇಮಿಗಳಿಗೆ ಸ್ಮಾರಕದ ಸೇನಾನಿಗಳಿಗಿಂತ ಆ ಬೆಂಚೇ ಹೆಚ್ಚು ಪರಿಚಿತ.

ನಿಂತ ನೀರಿನ ಆಟ

ಒಡ್ಡಿನಿಂದಾಗಿ ನದಿ ಕಿಲೋಮೀಟರುಗಟ್ಟಲೆ ಸಮತಟ್ಟಾಗಿ, ಸೆಳೆತವಿಲ್ಲದೆ ನಿಂತಿತ್ತು. ಚಳಿಗಾಲದಲ್ಲಿ ಅದು ಹೆಪ್ಪುಗಟ್ಟುತ್ತಿತ್ತು. ಮಂಜುಗಡ್ಡೆಯ ಮೇಲೆ ಜಾರುವ ಶೋಕಿ ಊರಿಗೆಲ್ಲ ಹತ್ತಿತು. ಗಡ್ಡೆ ಒಡೆದು ಮುಳುಗುವವರೂ ಇದ್ದರು. 1849ರಲ್ಲಿ ಹುಟ್ಟಿದ ಸ್ಕೇಟಿಂಗ್ ಸಂಘದ ಸದಸ್ಯರು ಮುಳುಗುವವರನ್ನು ಎಳೆದುಕೊಳ್ಳಲು ಸುರುಳಿ ಸುತ್ತಿದ ಹಗ್ಗವನ್ನು ಜೊತೆಯಲ್ಲಿಟ್ಟುಕೊಳ್ಳಬೇಕು ಎಂಬುದು ಸಂಘದ ನಿಯಮ. 1860ರಲ್ಲಿ ಅವರು ಕಟ್ಟಿಸಿದ ಮನೆ ಇಂದಿನ ದೋಣಿಮನೆಗಳ ಸಾಲಿನಲ್ಲಿ ಅತ್ಯಂತ ಹಳೆಯದು.

ಬೇಸಿಗೆಯಲ್ಲಿ ಅದೇ ನೀರು ಹುಟ್ಟು ಹಾಕುವವರಿಗೆ. ಅಲೆಯಿಲ್ಲದ, ನೇರವಾದ, ಊರಿಗೆ ತಾಗಿದ ಇಂಥ ಪಂದ್ಯದಂಗಳ ಅಮೆರಿಕದಲ್ಲಿ ಬೇರೆಲ್ಲೂ ಸುಲಭವಾಗಿ ಸಿಗುತ್ತಿರಲಿಲ್ಲ. ಕ್ಲಬ್ಬುಗಳು ಹೆಚ್ಚಿ, ಬಾಜಿ ಕಟ್ಟಿ ಮೋಸ ಮಾಡುವುದೂ ಹೆಚ್ಚಿದಾಗ 1858ರಲ್ಲಿ ಅವೆಲ್ಲ ಸೇರಿ ‘ಸ್ಕೂಲ್‌ಕಿಲ್ ನೇವಿ’ ಎಂಬ ಒಕ್ಕೂಟ ಮಾಡಿಕೊಂಡವು. ಹೆಸರಿನಲ್ಲಿ ನೌಕಾಪಡೆ ಇದ್ದರೂ ಸೈನ್ಯಕ್ಕೂ ಇದಕ್ಕೂ ಸಂಬಂಧವಿಲ್ಲ. ದೇಶದ ಅತಿ ಹಳೆಯ ಹವ್ಯಾಸಿ ಕ್ರೀಡಾ ಆಡಳಿತ ಸಂಸ್ಥೆ ಇದು. ಮರದ ಶೆಡ್ಡುಗಳ ಬದಲು ಕಲ್ಲಿನ ಚೆಂದದ ಮನೆ ಕಟ್ಟಿ ಎಂದು ಆಯೋಗ ಪಟ್ಟು ಹಿಡಿದದ್ದರಿಂದ ಒಡ್ಡಿನ ಮೇಲ್ಗಡೆ ಒಂದೊಂದು ಬಗೆಯ ಚಾವಣಿ ಹೊತ್ತ ಮನೆಗಳ ಸಾಲು ಎದ್ದಿತು. ವಾಸ್ತುಶಿಲ್ಪಿ ಫ್ರ್ಯಾಂಕ್ ಫರ್ನೆಸ್ ಉಂಡೀನ್ ಕ್ಲಬ್ಬಿಗೆ ಕಟ್ಟಿಕೊಟ್ಟದ್ದು ಅವುಗಳಲ್ಲೊಂದು. ಸಾಲಿನ ತುದಿಯಲ್ಲಿ 1887ರ ಪುಟ್ಟ ದೀಪಸ್ತಂಭವೂ ಇದೆ. 1979ರಿಂದ ರಾತ್ರಿ ಹೊತ್ತು ಈ ಮನೆಗಳ ಅಂಚುಗಳಿಗೆಲ್ಲ ದೀಪ. ಎದುರು ದಂಡೆಯ ಹೆದ್ದಾರಿಯಲ್ಲಿ ವಾಹನಗಳ ಸಾಲಿನಲ್ಲಿ ಸಿಕ್ಕಿಬಿದ್ದವರಿಗೆ ಸಿಗುವ ಒಂದೇ ಸಮಾಧಾನ ಅದು.

ಈ ಆಟಕ್ಕೆ ಕಲೆಯಲ್ಲೂ ಸಾಕ್ಷ್ಯವಿದೆ. ಥಾಮಸ್ ಈಕಿನ್ಸ್ 1871ರಲ್ಲಿ ಬರೆದ ಚಿತ್ರದಲ್ಲಿ ಅವರ ಗೆಳೆಯ ಮ್ಯಾಕ್ಸ್ ಶ್ಮಿಟ್ ಒಂಟಿ ದೋಣಿಯಲ್ಲಿ ಹುಟ್ಟನ್ನು ಸಡಿಲ ಬಿಟ್ಟು, ನೋಡುವವರ ಕಡೆ ತಿರುಗಿ ಕೂತಿದ್ದಾನೆ. ಹಿಂದೆ ಎರಡು ಸೇತುವೆ, ಇಳಿಹೊತ್ತಿನ ಬೆಳಕು. ಸ್ವಲ್ಪ ದೂರದಲ್ಲಿ ಇನ್ನೊಂದು ದೋಣಿ ಹೋಗುತ್ತಿದೆ. ಅದರಲ್ಲಿರುವುದು ಚಿತ್ರಕಾರನೇ, ಸಹಿ ಹಾಕಿರುವುದೂ ಆ ದೋಣಿಯ ಮೇಲೆಯೇ. ಚಿತ್ರ ಈಗ ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನಲ್ಲಿದೆ.

ದಂಡೆಯ ಮೇಲೆ ಹುಟ್ಟು ಹಿಡಿದು ಕೂತ ಪ್ರತಿಮೆಯೊಂದಿದೆ. ಅದು ಜಾನ್ ಕೆಲ್ಲಿ ಅವರದು. ಇಟ್ಟಿಗೆ ಕೆಲಸದಿಂದ ಜೀವನ ಶುರು ಮಾಡಿದ ಐರಿಷ್ ಮನೆತನದ ಈ ಮನುಷ್ಯ 1920ರಲ್ಲಿ ಇಂಗ್ಲೆಂಡಿನ ಹೆನ್ಲಿ ಪಂದ್ಯಕ್ಕೆ ಹೆಸರು ಕೊಟ್ಟಾಗ ಸಂಘಟಕರು ಸೇರಿಸಿಕೊಳ್ಳಲಿಲ್ಲ. ಕೈಕೆಲಸದಿಂದ ಹೊಟ್ಟೆ ಹೊರೆಯುವವರು ‘ಹವ್ಯಾಸಿ’ಗಳಲ್ಲ ಎಂಬ ನಿಯಮ ಆಗ ಅಲ್ಲಿತ್ತು, ಅವರ ಕ್ಲಬ್ಬಿನ ಮೇಲೂ ಹಳೆಯ ನಿಷೇಧವಿತ್ತು. ಅದೇ ವರ್ಷ ಆಂಟ್‌ವರ್ಪ್ ಒಲಿಂಪಿಕ್ಸ್‌ನಲ್ಲಿ ಕೆಲ್ಲಿ, ಹೆನ್ಲಿ ಗೆದ್ದು ಬಂದಿದ್ದ ಜ್ಯಾಕ್ ಬೆರೆಸ್‌ಫರ್ಡ್‌ರನ್ನು ಸೋಲಿಸಿ ಚಿನ್ನ ಪಡೆದರು. ಜೋಡಿ ದೋಣಿಯಲ್ಲಿ ಇನ್ನೊಂದು ಚಿನ್ನ, 1924ರಲ್ಲಿ ಮತ್ತೊಂದು. ಮಗ ಜಾನ್ ಕಿರಿಯ 1947 ಮತ್ತು 1949ರಲ್ಲಿ ಅದೇ ಹೆನ್ಲಿಯಲ್ಲಿ ಗೆದ್ದು ಮನೆತನದ ಲೆಕ್ಕ ಚುಕ್ತಾ ಮಾಡಿದರು. ಮಗಳು ಗ್ರೇಸ್ ಕೆಲ್ಲಿ ಹಾಲಿವುಡ್ ನಟಿಯಾಗಿ, ಮುಂದೆ ಮೊನಾಕೊದ ರಾಜಕುಮಾರಿಯಾದರು. ಪೂರ್ವ ದಂಡೆಯ ರಸ್ತೆಗೆ ಈಗ ಕಿರಿಯ ಕೆಲ್ಲಿಯ ಹೆಸರು.

ಗಂಡಸರ ಸಾಮ್ರಾಜ್ಯವಾಗಿದ್ದ ಈ ಸಾಲಿನಲ್ಲಿ ಹೆಂಗಸರು 1938ರಲ್ಲಿ ತಮ್ಮದೇ ಕ್ಲಬ್ಬು ಕಟ್ಟಿಕೊಂಡರು. ಅವರಿಗೆ ಸಿಕ್ಕಿದ್ದು ಆ ಹಳೆಯ ಸ್ಕೇಟಿಂಗ್ ಮನೆ. ಇಂದು ಶಾಲಾ ತಂಡಗಳಿಂದ ಹಿಡಿದು ಅರವತ್ತು ದಾಟಿದವರವರೆಗೆ ಎಲ್ಲರೂ ಬೆಳಗಿನ ಜಾವಕ್ಕೇ ನೀರಿಗಿಳಿಯುತ್ತಾರೆ. ಶರತ್ಕಾಲದಲ್ಲಿ ಡ್ರ್ಯಾಗನ್ ದೋಣಿಗಳ ಪಂದ್ಯವೂ ನಡೆಯುತ್ತದೆ. ಒಡ್ಡಿನ ಉಪಕಾರಕ್ಕೆ ಬೆಲೆಯೂ ಇದೆ. ಮೇಲಿನಿಂದ ಬಂದ ಹೂಳು ಇಲ್ಲೇ ಕೂರುತ್ತದೆ, ಆಗಾಗ ತೆಗೆಸದಿದ್ದರೆ ಹುಟ್ಟು ಕೆಸರಿಗೆ ತಾಗುತ್ತದೆ. ಸಮುದ್ರದಿಂದ ಮೊಟ್ಟೆಯಿಡಲು ಏರಿ ಬರುತ್ತಿದ್ದ ಶ್ಯಾಡ್ ಮೀನಿಗೆ 1820ರ ಆಸುಪಾಸಿನಲ್ಲಿ ದಾರಿ ಮುಚ್ಚಿತು. 1970ರ ದಶಕದ ಕೊನೆಯಲ್ಲಿ ಪಶ್ಚಿಮ ಪಕ್ಕದಲ್ಲಿ ಮೀನುಗಳಿಗೆಂದೇ ಮೆಟ್ಟಿಲುಕಾಲುವೆ ಕಟ್ಟಿದ ಮೇಲೆ ಮತ್ತೆ ಏರತೊಡಗಿವೆ.

ಕಾರಿಗೆ ಪ್ರವೇಶವಿಲ್ಲ

ವಿಸಾಹಿಕನ್ ಕಣಿವೆ ಈಗ ಕಾಡಿನಂತೆ ಕಂಡರೂ ಹಿಂದೆ ಕೈಗಾರಿಕಾ ಪ್ರದೇಶವಾಗಿತ್ತು. ಕಡಿದಾದ ಹೊಳೆಯ ಉದ್ದಕ್ಕೂ ಹಿಟ್ಟು, ಕಾಗದ, ಬಟ್ಟೆಯ ಗಿರಣಿಗಳು. ಅಮೆರಿಕದ ಮೊದಲ ಕಾಗದದ ಗಿರಣಿ 1690ರಲ್ಲಿ ಈ ಹೊಳೆಗೆ ಸೇರುವ ತೊರೆಯೊಂದರ ಮೇಲೆ ಆರಂಭವಾದದ್ದು. ಆಯೋಗ ಕಣಿವೆಯನ್ನು ವಹಿಸಿಕೊಂಡ ಮೇಲೆ ಗಿರಣಿಗಳನ್ನು ಒಂದೊಂದಾಗಿ ಕೆಡವಿಸಿತು, ಹೆಂಡ ಮಾರುವುದನ್ನು ನಿಲ್ಲಿಸಿತು. ಹೊಳೆಯಲ್ಲಿ ಹಿಡಿದ ಮೀನು ಮತ್ತು ವಾಫಲ್ ಊಟಕ್ಕೆ ಹೆಸರಾಗಿದ್ದ ಹಲವು ಹೋಟೆಲುಗಳು ಆ ಹೊಡೆತಕ್ಕೆ ಮುಚ್ಚಿದವು. ವ್ಯಾಲಿ ಗ್ರೀನ್ ಎಂಬ ಒಂದು ಮಾತ್ರ ಇಂದಿಗೂ ಉಣಬಡಿಸುತ್ತಿದೆ.

ಗಿರಣಿಗಳ ಗಾಡಿ ಓಡಾಡಲು ಮಾಡಿದ್ದ ರಸ್ತೆ ಹೊಳೆಯ ಪಕ್ಕದಲ್ಲೇ ಉಳಿಯಿತು. 1920ರ ದಶಕದ ಆರಂಭದಲ್ಲಿ ಅದರ ಮೇಲೆ ಮೋಟಾರು ವಾಹನ ಬರಕೂಡದೆಂದು ಆಜ್ಞೆಯಾಯಿತು. ಜನ ‘ಫರ್ಬಿಡನ್ ಡ್ರೈವ್’ ಎಂದು ಕರೆದರು, ಅದೇ ನಿಂತಿತು. ಕಾರು ಇನ್ನೂ ಹೊಸ ಬೆರಗಾಗಿದ್ದ ಕಾಲದಲ್ಲಿ, ಇಡೀ ದೇಶ ಅದಕ್ಕೆ ದಾರಿ ಬಿಡುತ್ತಿದ್ದಾಗ ಒಂದು ಊರು ಹೀಗೆ ನಿಲ್ಲಿಸಿದ್ದು ಸಣ್ಣ ಧೈರ್ಯವಲ್ಲ. ಐದು ಮೈಲಿಗೂ ಹೆಚ್ಚು ಉದ್ದದ ಈ ಮಣ್ಣಿನ ದಾರಿಯಲ್ಲಿ ಈಗ ನಡೆಯುವವರು, ಓಡುವವರು, ಸೈಕಲ್ಲಿನವರು, ಕುದುರೆಯವರು ಮಾತ್ರ. ಚಾವಣಿ ಹೊದಿಸಿದ 1855ರ ಮರದ ಸೇತುವೆ ಮಧ್ಯೆ ಸಿಗುತ್ತದೆ. ವಸಂತದಲ್ಲಿ ಹೊಳೆಗೆ ಟ್ರೌಟ್ ಮೀನು ಬಿಡುತ್ತಾರೆ, ಗಾಳದವರು ಸಾಲುಗಟ್ಟುತ್ತಾರೆ. ಕಣಿವೆಗೆ 1964ರಲ್ಲಿ ರಾಷ್ಟ್ರೀಯ ನಿಸರ್ಗ ಹೆಗ್ಗುರುತಿನ ಮಾನ್ಯತೆ ಸಿಕ್ಕಿತು.

ಟ್ರಾಲಿಯಿಂದ ಬಾರ್ಬೆಕ್ಯೂವರೆಗೆ

1890ರ ದಶಕದ ಕೊನೆಗೆ ಉದ್ಯಾನದೊಳಗೇ ಟ್ರಾಲಿ ಓಡತೊಡಗಿತು. ಗಾಡಿ, ಕುದುರೆ ಇಲ್ಲದ ಬಡವರಿಗೆ ಪಶ್ಚಿಮ ದಂಡೆ ನಿಜವಾಗಿ ಎಟುಕಿದ್ದು ಆಗ. ಟ್ರಾಲಿಗೆ ಜನ ಬರಲೆಂದು ಕಂಪನಿ ದಾರಿಯ ಕೊನೆಯಲ್ಲಿ ‘ವುಡ್‌ಸೈಡ್’ ಎಂಬ ಮೋಜಿನ ಪಾರ್ಕು ತೆರೆಯಿತು. ಟ್ರಾಲಿ 1946ರಲ್ಲಿ, ವುಡ್‌ಸೈಡ್ 1955ರಲ್ಲಿ ನಿಂತವು. ಅಲ್ಲಿನ ಮರದ ಕುದುರೆಗಳ ಗಿರಿಗಿಟ್ಟೆ ಉಳಿದು, ಈಗ ಮಕ್ಕಳ ವಸ್ತುಸಂಗ್ರಹಾಲಯದಲ್ಲಿ ತಿರುಗುತ್ತಿದೆ. 1908ರಿಂದ 1911ರವರೆಗೆ ಉದ್ಯಾನದ ತಿರುವು ರಸ್ತೆಗಳಲ್ಲಿ ಕಾರು ಪಂದ್ಯಗಳೂ ನಡೆದವು. ಜನ ಮುಗಿಬಿದ್ದರು, ಅಪಾಯ ಹೆಚ್ಚೆಂದು ಆಯೋಗ ನಿಲ್ಲಿಸಿತು.

ಪೂರ್ವ ಪಾರ್ಕಿನ ಸ್ಮಿತ್ ಆಟದ ಮೈದಾನ 1899ರದು. ರಿಚರ್ಡ್ ಮತ್ತು ಸಾರಾ ಸ್ಮಿತ್ ದಂಪತಿ ತೀರಿಹೋದ ಮಗನ ನೆನಪಿಗೆ ಬಿಟ್ಟುಹೋದ ಹಣದಿಂದ ಆದದ್ದು. ಅಲ್ಲಿನ ಮರದ ಜಾರುಬಂಡೆಗೆ ನೂರು ವರ್ಷ ಮಿಕ್ಕಿದೆ. ಹತ್ತು ಮಕ್ಕಳು ಸಾಲಾಗಿ ಒಟ್ಟಿಗೆ ಜಾರುವಷ್ಟು ಅಗಲ. ಕೆಳಗೆ ಗೋಣಿತಟ್ಟು ಹಾಕಿಕೊಂಡು ಕೂರಬೇಕು. ತಲೆಮಾರುಗಳ ತಟ್ಟು ಉಜ್ಜಿ ಉಜ್ಜಿ ಹಲಗೆ ಕನ್ನಡಿಯಾಗಿದೆ. ಅಜ್ಜಿ ಜಾರಿದ ಹಲಗೆಯ ಮೇಲೆ ಮೊಮ್ಮಕ್ಕಳು ಜಾರುವ ಮನೆಗಳು ಊರಲ್ಲಿ ಬೇಕಾದಷ್ಟಿವೆ.

ಪಶ್ಚಿಮದಲ್ಲಿ ಶೋಫುಸೊ ಎಂಬ ಜಪಾನಿ ಮನೆಯಿದೆ. ವಾಸ್ತುಶಿಲ್ಪಿ ಜುನ್‌ಜೊ ಯೋಶಿಮುರ ಹದಿನೇಳನೆಯ ಶತಮಾನದ ಶೈಲಿಯಲ್ಲಿ ರೂಪಿಸಿದ ಇದನ್ನು ಜಪಾನಿನಲ್ಲಿ ಕಟ್ಟಿ, ಬಿಚ್ಚಿ, ಹಡಗಿನಲ್ಲಿ ತಂದು 1954ರಲ್ಲಿ ನ್ಯೂಯಾರ್ಕ್‌ನ ಆಧುನಿಕ ಕಲಾ ಮ್ಯೂಸಿಯಮ್ಮಿನ ಅಂಗಳದಲ್ಲಿ ಜೋಡಿಸಿದ್ದರು. ಮಹಾಯುದ್ಧ ಮುಗಿದು ಹತ್ತು ವರ್ಷವೂ ಆಗಿರಲಿಲ್ಲ. ಪ್ರದರ್ಶನ ಮುಗಿದ ಬಳಿಕ ಅದು ಫಿಲಡೆಲ್ಫಿಯಾಕ್ಕೆ ಬಂತು. ಸುತ್ತಲಿನ ಚೆರಿ ಮರಗಳ ಕಥೆ 1926ರಲ್ಲಿ ಜಪಾನ್ ಸರ್ಕಾರ ಕೊಟ್ಟ 1,600 ಸಸಿಗಳಿಂದ ಶುರು. ಮೀನು ತುಂಬಿದ ಕೊಳದ ಪಕ್ಕ, ಮರದ ತೊಗಟೆ ಹೊದಿಸಿದ ಆ ಸೂರಿನ ಕೆಳಗೆ ಕಾಲ್ಚೀಲದಲ್ಲಿ ನಡೆಯಬೇಕು, ಪಾದರಕ್ಷೆ ಹೊರಗೆ.

ಸಂಗೀತಕ್ಕೆ ಎರಡು ಬಯಲು ರಂಗಮಂದಿರ. ಪೂರ್ವದ ‘ಡೆಲ್’ 1930ರಲ್ಲಿ ಫಿಲಡೆಲ್ಫಿಯಾ ಆರ್ಕೆಸ್ಟ್ರಾದ ಬೇಸಿಗೆ ಮನೆಯಾಗಿ ಶುರುವಾಯಿತು. 1976ರಲ್ಲಿ ಆರ್ಕೆಸ್ಟ್ರಾ ನದಿ ದಾಟಿ ‘ಮ್ಯಾನ್’ ಕೇಂದ್ರಕ್ಕೆ ಹೋದ ಮೇಲೆ ಡೆಲ್ ಕಪ್ಪು ಸಂಗೀತಗಾರರ ನೆಚ್ಚಿನ ವೇದಿಕೆಯಾಯಿತು. ಬೆಲ್ಮಾಂಟ್ ಪ್ರಸ್ಥಭೂಮಿಯ ಹುಲ್ಲುಹಾಸಿನಿಂದ ಇಡೀ ಊರಿನ ಗಗನಚುಂಬಿಗಳು ಕಾಣುತ್ತವೆ. ಬೇಸಿಗೆಯ ವಾರಾಂತ್ಯದಲ್ಲಿ ಅಲ್ಲಿ ಒಲೆ ಹೂಡಿ ಮಾಂಸ ಸುಡುವ ಹೊಗೆ, ದೊಡ್ಡ ಸ್ಪೀಕರು, ಮೂರು ತಲೆಮಾರು ಕೂಡುವ ಕುಟುಂಬಕೂಟ. ಪೂರ್ವ ಪಾರ್ಕಿಗೆ ತಾಗಿದ ಸ್ಟ್ರಾಬೆರಿ ಮ್ಯಾನ್ಷನ್ ಬಡಾವಣೆಯ ಕಪ್ಪು ಸವಾರರು ಬೀದಿಯ ಲಾಯಗಳಿಂದ ಕುದುರೆ ಹೊರಡಿಸಿ ಉದ್ಯಾನಕ್ಕೆ ಬರುವುದು ದಶಕಗಳ ರೂಢಿ. ‘ಕಾಂಕ್ರೀಟ್ ಕೌಬಾಯ್’ ಸಿನಿಮಾ ಇವರ ಬದುಕಿನ ಮೇಲೆ ನಿಂತದ್ದು. ಫ್ರಿಸ್ಬೀ ತಟ್ಟೆ ಎಸೆದು ಗುರಿ ಮುಟ್ಟಿಸುವ ಡಿಸ್ಕ್ ಗಾಲ್ಫ್‌ಗೂ 1977ರಿಂದ ಸೆಜ್ಲಿ ಕಾಡಿನಲ್ಲಿ ಜಾಗವಿದೆ.

ಗಾಯಗಳು

ಉದ್ಯಾನಕ್ಕೆ ಬಿದ್ದ ದೊಡ್ಡ ಪೆಟ್ಟು 1950ರ ದಶಕದ ಸ್ಕೂಲ್‌ಕಿಲ್ ಎಕ್ಸ್‌ಪ್ರೆಸ್‌ವೇ. ಪಶ್ಚಿಮ ದಂಡೆಯ ಉದ್ದಕ್ಕೆ ಹಾಯಿಸಿದ ಈ ಹೆದ್ದಾರಿ ಮರಗಳನ್ನು ನುಂಗಿತು, ಹುಲ್ಲುಗಾವಲಿಗೂ ನದಿಗೂ ನಡುವೆ ಗೋಡೆಯಂತೆ ನಿಂತಿತು, ಇಂದಿಗೂ ಹಗಲಿರುಳು ಮೊರೆಯುತ್ತದೆ. ಜಮೀನು ಸರ್ಕಾರದ್ದೇ, ಪರಿಹಾರ ಕೊಡಬೇಕಿಲ್ಲ, ಎತ್ತಂಗಡಿ ಮಾಡಿಸಬೇಕಾದ ಮನೆಗಳಿಲ್ಲ. ಎಲ್ಲ ಊರಲ್ಲೂ ಹೆದ್ದಾರಿಯ ಕಣ್ಣು ಮೊದಲು ಉದ್ಯಾನದ ಮೇಲೆ ಬೀಳುವುದು ಇದೇ ಲೆಕ್ಕಾಚಾರದಿಂದ. ಪಶ್ಚಿಮ ಬಡಾವಣೆಗಳ ಮಕ್ಕಳಿಗೆ ನದಿ ಕಣ್ಣೆದುರೇ ಇದ್ದರೂ ಕಾಲಿಗೆ ಸಿಗದಾದದ್ದು ಆಗಿನಿಂದ. ಅದೇ ದಂಡೆಯ ಇನ್ನೊಂದು ರಸ್ತೆ, ಮಾರ್ಟಿನ್ ಲೂಥರ್ ಕಿಂಗ್ ಡ್ರೈವ್ ಅನ್ನು ಬೆಚ್ಚನೆಯ ತಿಂಗಳುಗಳ ವಾರಾಂತ್ಯದಲ್ಲಿ ವಾಹನಗಳಿಗೆ ಮುಚ್ಚಿ ಸೈಕಲ್ಲಿನವರಿಗೆ ಬಿಡುವುದು ಅಷ್ಟರಮಟ್ಟಿಗೆ ಪ್ರಾಯಶ್ಚಿತ್ತ. ಎರಡೂ ದಂಡೆಯ ರಸ್ತೆ ಸೇರಿಸಿ ಒಂದು ಸುತ್ತು ಹಾಕಿದರೆ ಸುಮಾರು 13 ಕಿ.ಮೀ.

ನದಿಯೂ ಆಗಾಗ ತನ್ನ ಜಾಗ ಕೇಳುತ್ತದೆ. 1972ರ ಆಗ್ನೆಸ್ ಚಂಡಮಾರುತ ನೀರುಮನೆಯೊಳಗೆ ನುಗ್ಗಿತು. 2021ರ ಸೆಪ್ಟೆಂಬರಿನಲ್ಲಿ ಐಡಾ ಬಂದಾಗ ಕೆಲ್ಲಿ ಡ್ರೈವ್ ಮುಳುಗಿ, ದೋಣಿಮನೆಗಳ ಕೆಳ ಅಂತಸ್ತಿಗೆ ನೀರು ಹೊಕ್ಕಿತು. ಆಡಳಿತವೂ ಬದಲಾಗಿದೆ. ಮತದಾರರ ಒಪ್ಪಿಗೆಯ ಮೇರೆಗೆ 2010ರಲ್ಲಿ 143 ವರ್ಷದ ಆಯೋಗವನ್ನು ವಿಸರ್ಜಿಸಿ, ಉದ್ಯಾನವನ್ನು ನಗರದ ಉದ್ಯಾನ ಮತ್ತು ಮನರಂಜನಾ ಇಲಾಖೆಗೆ ಸೇರಿಸಲಾಯಿತು. ಹಳೆಯ ಬಂಗಲೆಗಳಲ್ಲಿ ಕೆಲವು ದುರಸ್ತಿಯಾಗಿ ಬಾಗಿಲು ತೆರೆದಿವೆ; ಬೆಲ್ಮಾಂಟ್ ಗುಲಾಮಗಿರಿಯಿಂದ ತಪ್ಪಿಸಿಕೊಂಡವರ ಗುಪ್ತ ಹಾದಿಯ ಕಥೆ ಹೇಳುವ ವಸ್ತುಸಂಗ್ರಹಾಲಯವಾಗಿದೆ. ಇನ್ನು ಕೆಲವು ಹಣಕ್ಕಾಗಿ ಕಾಯುತ್ತಿವೆ.

ಮಕ್ಕಳ ಮನೆಗೆಂದು ಅಮೆರಿಕದ ಪೂರ್ವ ಕರಾವಳಿಗೆ ಹೋಗುವ ಕನ್ನಡಿಗರಲ್ಲಿ ಫಿಲಡೆಲ್ಫಿಯಾ ನೋಡದೆ ಬರುವವರು ಕಡಿಮೆ. ಒಡೆದ ಸ್ವಾತಂತ್ರ್ಯ ಘಂಟೆ ನೋಡಿ, ರಾಕಿ ಮೆಟ್ಟಿಲ ಮೇಲೆ ಫೋಟೊ ಹೊಡೆಸಿಕೊಂಡು ಹೆಚ್ಚಿನವರು ಅಲ್ಲಿಂದಲೇ ಹಿಂತಿರುಗುತ್ತಾರೆ. ಮ್ಯೂಸಿಯಮ್ಮಿನ ಬೆನ್ನಿಗೆ ಇಳಿದರೆ ಐದು ನಿಮಿಷದಲ್ಲಿ ನೀರುಮನೆ ಸಿಗುತ್ತದೆ, ಅಲ್ಲಿಂದ ದೋಣಿಮನೆಗಳ ಸಾಲು ಕೂಗಳತೆಯಲ್ಲಿದೆ. ಏಪ್ರಿಲ್ ಮೊದಲ ವಾರಗಳಾದರೆ ಚೆರಿ ಹೂವಿನ ಕಾಲ. ಉದ್ಯಾನದಲ್ಲಿ ಅಡ್ಡಾಡಲು ಟಿಕೆಟ್ಟಿಲ್ಲ.